ಮೊದಲ ಬ್ಯಾಕ್‌ಪ್ಯಾಕ್ ಪ್ರವಾಸ: ನೇಪಾಳವೋ, ವಿಯೆಟ್ನಾಮೋ?

ಮೊದಲ ಸಲ ದೇಶ ದಾಟುವವರಿಗೆ ಕಾಗದಪತ್ರದ ಮಟ್ಟಿಗೆ ನೇಪಾಳವೇ ಸುಲಭ. ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ನಡೆಯುತ್ತದೆ. ನಮ್ಮ 100 ರೂಪಾಯಿ ಅಲ್ಲಿ 160. ವಿಯೆಟ್ನಾಂಗೆ ಇ-ವೀಸಾ ಬೇಕು. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮ ಇನಿಷಿಯಲ್ ಗೊಂದಲ ಗೊತ್ತಲ್ವಾ!

ನಿಜವಾದ ವ್ಯತ್ಯಾಸ ಊಟದಲ್ಲಿ. ನೇಪಾಳದಲ್ಲಿ ದಾಲ್ ಭಾತ್ ಸಿಕ್ಕರೆ ಸಾಕು, ಅನ್ನ-ಬೇಳೆ ಮತ್ತೆ ಮತ್ತೆ ಬಡಿಸುತ್ತಾರೆ. ವಿಯೆಟ್ನಾಮಿನಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳಬಹುದು. ಸಸ್ಯಾಹಾರಿಗಳು 'ಚಾಯ್' ಎಂಬ ಫಲಕ ಇರುವ ಹೋಟೆಲ್ ಹುಡುಕಬೇಕು. ಅದು ಟೀ ಅಂಗಡಿ ಅಲ್ಲ, ಸಸ್ಯಾಹಾರ ಎಂದರ್ಥ! ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಂಥ ಊಟ ಜಾಸ್ತಿ ಸಿಗುತ್ತದೆ.

ಅಕ್ಟೋಬರ್-ನವೆಂಬರಿನಲ್ಲಿ ರಜೆ ಇದ್ದರೆ ನಾನು ನೇಪಾಳವನ್ನೇ ಆರಿಸುತ್ತೇನೆ. ಆಗ ಹಿಮಾಲಯ ತಿಳಿಯಾಗಿ ಕಾಣುತ್ತದೆ. ಅದೇ ಹೊತ್ತಿಗೆ ವಿಯೆಟ್ನಾಮಿನ ಹೋಯಿ ಆನ್ ಕಡೆ ಜೋರು ಮಳೆ. ಆದರೆ ನೇಪಾಳದಲ್ಲಿ ಚಾರಣಿಗರು ಹತ್ತುವ ಅನ್ನಪೂರ್ಣ ಬೇಸ್ ಕ್ಯಾಂಪ್ 4,130 ಮೀಟರ್ ಎತ್ತರದಲ್ಲಿದೆ. ಬೆಚ್ಚನೆಯ ಜಾಕೆಟ್ ಬೇಕು, ನಿಧಾನವಾಗಿ ಹತ್ತಬೇಕು. ತಲೆನೋವು ಜಾಸ್ತಿಯಾದರೆ ಹಟ ಬಿಟ್ಟು ಇಳಿಯಿರಿ.

ಬೆಟ್ಟ ಹತ್ತುವ ಮನಸ್ಸಿಲ್ಲ, ಸುಮ್ನೆ ಅಲೆಯಬೇಕು ಅನ್ನುವವರಿಗೆ ಫೆಬ್ರವರಿ-ಮಾರ್ಚಿನ ವಿಯೆಟ್ನಾಂ. ರಾತ್ರಿ ರೈಲು ಹಿಡಿದರೆ ಒಂದು ದಿನದ ರೂಮ್ ಬಾಡಿಗೆಯೂ ಉಳಿಯುತ್ತದೆ.