17 ಅಂಕಿಗಳ ರಸೀದಿಯನ್ನು ಪರವಾನಗಿ ಎಂದು ನಂಬಬೇಡಿ

ಬೆಂಗಳೂರಿನಲ್ಲಿ ಸಣ್ಣ ಹೋಟೆಲು, ಬೇಕರಿ, ಕಾಂಡಿಮೆಂಟ್ಸ್ ನಡೆಸುವವರಿಗೆ ಪ್ರತಿ ವರ್ಷ ಫೆಬ್ರವರಿ ಹತ್ತಿರವಾಗುತ್ತಿದ್ದಂತೆ ‘ನಿಮ್ಮ ಎಲ್ಲ ಲೈಸೆನ್ಸ್‌ಗಳನ್ನೂ ಒಟ್ಟಿಗೆ ರಿನ್ಯೂ ಮಾಡಿಸಿಕೊಡುತ್ತೇವೆ’ ಎನ್ನುವ ಕರೆಗಳು ಬರತೊಡಗುತ್ತವೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುವ ನಮ್ಮ ಕುಟುಂಬದ ಅಂಗಡಿಗೆ 2022ರಲ್ಲಿ ಇಂಥ ಒಬ್ಬ ಮಧ್ಯವರ್ತಿಯಿಂದ ಆದ ನಷ್ಟವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಅದೇ ರೀತಿಯ ವ್ಯವಹಾರ ಈಗಲೂ ನಡೆಯುತ್ತಿದೆ ಎಂದು ಪರಿಚಯದ ವ್ಯಾಪಾರಿಗಳಿಂದ ತಿಳಿದುಬಂದಿರುವುದರಿಂದ ಸುಮ್ಮನಿರಲು ಮನಸ್ಸಾಗಲಿಲ್ಲ.

ಆತ ಆಹಾರ ಸುರಕ್ಷತಾ ಪರವಾನಗಿ, ಪಾಲಿಕೆಯ ಉದ್ದಿಮೆ ಪರವಾನಗಿ, ಕಾರ್ಮಿಕ ಇಲಾಖೆಯ ನೋಂದಣಿ, ವೃತ್ತಿ ತೆರಿಗೆ ಈ ನಾಲ್ಕಕ್ಕೂ ಸೇರಿಸಿ ಒಂದೇ ಮೊತ್ತವನ್ನು ಹೇಳಿದ್ದ. ಅದರಲ್ಲಿ ಸರ್ಕಾರಿ ಶುಲ್ಕವೆಷ್ಟು, ತನ್ನ ಸಂಭಾವನೆಯೆಷ್ಟು ಎಂಬುದನ್ನು ಬಿಡಿಸಿ ಬರೆದುಕೊಡಲು ಕೇಳಿದಾಗ, ಕೆಲಸ ಮುಗಿದ ಮೇಲೆ ಕೊಡುತ್ತೇನೆಂದು ಮುಂದೂಡಿದ. ಆಹಾರ ಸುರಕ್ಷತೆಯ ‘ಫೋಸ್ಕೋಸ್’ ಜಾಲತಾಣದಲ್ಲಿನ ನಮ್ಮ ಖಾತೆಯ ಪಾಸ್‌ವರ್ಡ್ ಪಡೆದು, ಒಟಿಪಿಗಾಗಿ ಪದೇ ಪದೇ ತೊಂದರೆ ಕೊಡಬಾರದೆಂಬ ನೆಪದಲ್ಲಿ ಅಲ್ಲಿದ್ದ ಮೊಬೈಲ್ ಸಂಖ್ಯೆಯನ್ನೂ ಇಮೇಲ್ ವಿಳಾಸವನ್ನೂ ಬದಲಿಸಿ ತನ್ನದನ್ನು ಹಾಕಿಕೊಂಡ. ಮುಂದಿನ ಎಲ್ಲ ಅನಾಹುತಕ್ಕೂ ಮೂಲ ಇದೇ.

ಕೆಲವು ದಿನಗಳಲ್ಲಿ ಆತ ಲ್ಯಾಮಿನೇಟ್ ಮಾಡಿಸಿದ ಹಾಳೆಯೊಂದನ್ನು ತಂದು ಕೊಟ್ಟು, ಇದೇ ನವೀಕರಣವಾದ ಆಹಾರ ಸುರಕ್ಷತಾ ಪರವಾನಗಿ, ಗೋಡೆಗೆ ತೂಗುಹಾಕಿ ಎಂದು ಹೇಳಿ ಉಳಿದ ಹಣವನ್ನೂ ಪಡೆದುಕೊಂಡ. ಅದರಲ್ಲಿ ಅಂಗಡಿಯ ಹೆಸರು, ವಿಳಾಸ, ಕಟ್ಟಿದ ಶುಲ್ಕ ಎಲ್ಲವೂ ಸರಿಯಾಗಿಯೇ ಇದ್ದವು. ಆದರೆ ಅದು ಅರ್ಜಿ ಸ್ವೀಕರಿಸಿದ್ದಕ್ಕೆ ಸಿಗುವ ರಸೀದಿ ಮಾತ್ರ. ರಸೀದಿಯಲ್ಲಿರುವುದು 17 ಅಂಕಿಗಳ ಅರ್ಜಿ ಸಂಖ್ಯೆ. ಪರವಾನಗಿಯ ಸಂಖ್ಯೆಯಲ್ಲಿ ಇರುವುದು 14 ಅಂಕಿಗಳು. ಅದು 1ರಿಂದ ಆರಂಭವಾದರೆ ಪರವಾನಗಿ, 2ರಿಂದ ಆರಂಭವಾದರೆ ಸಣ್ಣ ವಹಿವಾಟಿನವರಿಗೆ ಕೊಡುವ ನೋಂದಣಿ. ಅದರ ಮುಂದಿನ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 12. ನಿಮ್ಮ ಗೋಡೆಯ ಮೇಲಿರುವ ಹಾಳೆಯನ್ನು ಇಂದೇ ಒಮ್ಮೆ ಎಣಿಸಿ ನೋಡಿ.

ಅರ್ಜಿಯನ್ನು ಪರಿಶೀಲಿಸಿದ ಅಧಿಕಾರಿ, ನೀರಿನ ಪರೀಕ್ಷಾ ವರದಿಯನ್ನು ಸೇರಿಸುವಂತೆ ಕೇಳಿ ಅದನ್ನು ಹಿಂದಿರುಗಿಸಿದ್ದರು. ಹಾಗೆ ಕೇಳಿದ ಮಾಹಿತಿಯನ್ನು 30 ದಿನಗಳೊಳಗೆ ಒದಗಿಸದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಸೂಚನೆಗಳೆಲ್ಲ ಆ ಮಧ್ಯವರ್ತಿಯ ಮೊಬೈಲಿಗೂ ಇಮೇಲಿಗೂ ಹೋಗುತ್ತಿದ್ದವು. ಆತ ನಮಗೆ ತಿಳಿಸಲೂ ಇಲ್ಲ, ತಾನಾಗಿ ಉತ್ತರಿಸಲೂ ಇಲ್ಲ. ಒಂದು ಸಾಧಾರಣ ಪ್ರಯೋಗಾಲಯದ ವರದಿಯಿಂದ ಮುಗಿಯಬಹುದಾಗಿದ್ದ ಕೆಲಸ ಹೀಗೆ ಕೆಟ್ಟುಹೋಯಿತು, ಹಳೆಯ ಪರವಾನಗಿಯ ಅವಧಿಯೂ ತೀರಿತು. ನಮ್ಮಿಂದ ಸಗಟಾಗಿ ತಿಂಡಿ ಕೊಳ್ಳುತ್ತಿದ್ದ ಒಬ್ಬರು ಬಿಲ್ಲಿನಲ್ಲಿದ್ದ ಸಂಖ್ಯೆಯನ್ನು ಜಾಲತಾಣದಲ್ಲಿ ಪರೀಕ್ಷಿಸಿ, ಇದು ಚಾಲ್ತಿಯಲ್ಲಿಲ್ಲ ಎಂದು ಕೊಳ್ಳುವುದನ್ನು ನಿಲ್ಲಿಸಿದ ದಿನವೇ ನಮಗೆ ವಿಷಯ ಗೊತ್ತಾದದ್ದು. ಆಹಾರ ವ್ಯಾಪಾರಿಗಳು ಬಿಲ್ಲಿನ ಮೇಲೂ ಈ ಸಂಖ್ಯೆಯನ್ನು ಮುದ್ರಿಸಬೇಕೆಂಬ ನಿಯಮ 2022ರ ಜನವರಿ 1ರಿಂದ ಜಾರಿಗೆ ಬಂದಿತ್ತು. ಅವರು ಪರೀಕ್ಷಿಸಿದ್ದು ಸರಿಯಾದ ಕ್ರಮವೇ. ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ.

ಅವಧಿ ಮೀರಿದ ಪರವಾನಗಿಯ ಮೇಲೆ ತಯಾರಿಕೆ ನಡೆಸುವಂತಿಲ್ಲವಾದ್ದರಿಂದ ಒಲೆ ಆರಿಸಬೇಕಾಯಿತು. ಹೊಸದಾಗಿ ಅರ್ಜಿ ಹಾಕಿದಾಗ ಹೊಸ ಸಂಖ್ಯೆಯೇ ಬಂತು. ಹಳೆಯ ಸಂಖ್ಯೆ ಅಚ್ಚಾಗಿದ್ದ ಪೊಟ್ಟಣಗಳ ದಾಸ್ತಾನೆಲ್ಲ ಉಪಯೋಗಕ್ಕೆ ಬಾರದೆ ಹೋಯಿತು. ಹಬ್ಬದ ಆರ್ಡರುಗಳು ಕೈತಪ್ಪಿದವು, ಕೆಲಸದ ಹೆಂಗಸರಿಗೆ ದುಡಿಮೆಯಿಲ್ಲದ ದಿನಗಳಲ್ಲೂ ಕೂಲಿ ಕೊಡಬೇಕಾಗಿತ್ತು, ಕೊಟ್ಟೆವು.

ಉದ್ದಿಮೆ ಪರವಾನಗಿಯ ವಿಷಯದಲ್ಲಿ ಆದದ್ದು ನೇರವಾದ ಮೋಸ. ಆಗ ಬಿಬಿಎಂಪಿಯಲ್ಲಿ ಫೆಬ್ರವರಿಯೊಳಗೆ ನವೀಕರಿಸಿದರೆ ದಂಡವಿರಲಿಲ್ಲ, ಮಾರ್ಚ್‌ನಲ್ಲಾದರೆ ಶೇ 25, ಏಪ್ರಿಲ್‌ನಿಂದಾಚೆಗೆ ಆದರೆ ಶೇ 100ರಷ್ಟು ದಂಡವಿತ್ತು. ಫೆಬ್ರವರಿಯಲ್ಲೇ ನಮ್ಮಿಂದ ಹಣ ಪಡೆದಿದ್ದ ಆತ ಅದನ್ನು ಕಟ್ಟಿಯೇ ಇರಲಿಲ್ಲ. ನಾವೇ ದುಪ್ಪಟ್ಟು ಕಟ್ಟಿದೆವು. ಈಗ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿರುವುದರಿಂದ, ‘ಪಾಲಿಕೆ ಬದಲಾಗಿದೆ, ಹೊಸ ಲೈಸೆನ್ಸ್ ಮಾಡಿಸಲೇಬೇಕು’ ಎಂದು ಹೆದರಿಸುವವರಿಗೆ ಇನ್ನೊಂದು ಅವಕಾಶ ಸಿಕ್ಕಂತಾಗಿದೆ. ನಿಮ್ಮ ವಾರ್ಡಿನ ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸದೆ ಅಂಥವರ ಮಾತಿಗೆ ಹಣ ಕೊಡಬೇಡಿ.

ಆತ ಹೇಳಿದ್ದ ಮೊತ್ತದಲ್ಲಿನ ಉಳಿದ ಬಾಬತ್ತುಗಳನ್ನು ಆಮೇಲೆ ಒಂದೊಂದಾಗಿ ಪರಿಶೀಲಿಸಿದಾಗ ಇನ್ನಷ್ಟು ಸಂಗತಿಗಳು ಹೊರಬಂದವು. ಕಾರ್ಮಿಕ ಇಲಾಖೆಯು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕೊಡುವ ನೋಂದಣಿ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ನಮ್ಮದಕ್ಕೆ ಇನ್ನೂ ಅವಧಿ ಉಳಿದಿದ್ದರೂ ನವೀಕರಣದ ಹಣ ಪಡೆಯಲಾಗಿತ್ತು. ವೃತ್ತಿ ತೆರಿಗೆಯಲ್ಲಿ ವರ್ಷಕ್ಕೊಮ್ಮೆ ತೆರಿಗೆ ಕಟ್ಟುವುದಿದೆ, ‘ನವೀಕರಣ ಶುಲ್ಕ’ ಎಂಬುದೇ ಇಲ್ಲ. ಸಣ್ಣ ಉದ್ಯಮಗಳಿಗಿರುವ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿಯಂತೂ ಸಂಪೂರ್ಣ ಉಚಿತ, ಅದನ್ನು ನವೀಕರಿಸಬೇಕಾಗಿಯೂ ಇಲ್ಲ. ಹೀಗಿದ್ದರೂ ಸರ್ಕಾರಿ ಲಾಂಛನವನ್ನು ಹೋಲುವ ಚಿತ್ರ ಹಾಕಿಕೊಂಡ ಖಾಸಗಿ ಜಾಲತಾಣಗಳು ಇದಕ್ಕೆ ಸಾವಿರಾರು ರೂಪಾಯಿ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ‘ಜಿಓವಿ ಡಾಟ್ ಇನ್’ ಅಥವಾ ‘ಎನ್ಐಸಿ ಡಾಟ್ ಇನ್’ ಇಲ್ಲದ ಪುಟದಲ್ಲಿ ಹಣ ಕಟ್ಟಬೇಡಿ.

ಮಧ್ಯವರ್ತಿಗಳೆಲ್ಲರೂ ಕೆಟ್ಟವರೆಂದು ನಾನು ಹೇಳುವುದಿಲ್ಲ. ದಿನವಿಡೀ ಒಲೆಯ ಮುಂದೆ ನಿಲ್ಲುವವರಿಗೆ ಅರ್ಜಿ ತುಂಬಲು ಸಹಾಯ ಬೇಕೇ ಬೇಕು, ಪ್ರಾಮಾಣಿಕವಾಗಿ ಮಾಡಿಕೊಡುವವರೂ ಇದ್ದಾರೆ. ಆದರೆ ಖಾತೆಯಲ್ಲಿನ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಮಾಲೀಕರದ್ದೇ ಆಗಿರಲಿ, ಸರ್ಕಾರಿ ಶುಲ್ಕವನ್ನು ನಿಮ್ಮ ಬ್ಯಾಂಕ್ ಖಾತೆಯಿಂದ ನೀವೇ ನೇರವಾಗಿ ಕಟ್ಟಿ, ಅವರ ಸಂಭಾವನೆಯನ್ನು ಬೇರೆಯಾಗಿ ಕೊಡಿ. ಇದಕ್ಕೆ ಒಪ್ಪದವರ ಕೈಗೆ ಕೆಲಸ ಕೊಡಬೇಡಿ.

ಈಗಾಗಲೇ ನಿಮ್ಮ ಖಾತೆ ಬೇರೆಯವರ ಹಿಡಿತದಲ್ಲಿದ್ದರೆ ತಡಮಾಡದೆ ಗುರುತಿನ ದಾಖಲೆ ಮತ್ತು ಹಳೆಯ ಪರವಾನಗಿಯ ಪ್ರತಿಯೊಂದಿಗೆ ಆಹಾರ ಸುರಕ್ಷತಾ ಅಂಕಿತಾಧಿಕಾರಿಯವರ (ಪರವಾನಗಿ ನೀಡುವ ಅಧಿಕಾರಿ) ಕಚೇರಿಗೆ ಹೋಗಿ ಲಿಖಿತ ಮನವಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಮ್ಮ ಖಾತೆ ಮರಳಿ ಕೈಗೆ ಬಂದದ್ದು ಹೀಗೆಯೇ. ಹಣ ವರ್ಗಾವಣೆಯ ವಿವರ, ವಾಟ್ಸ್ಆ್ಯಪ್ ಸಂದೇಶಗಳು, ಆ ಲ್ಯಾಮಿನೇಟ್ ಹಾಳೆ ಎಲ್ಲವನ್ನೂ ಜೋಡಿಸಿ ಪೊಲೀಸ್ ಠಾಣೆಗೆ ದೂರು ಕೊಟ್ಟ ಬಳಿಕ ಆತ ಉದ್ದಿಮೆ ಪರವಾನಗಿಗೆಂದು ಪಡೆದಿದ್ದ ಮೊತ್ತವನ್ನು ಹಿಂದಿರುಗಿಸಿದ; ಉಳಿದದ್ದು ಇನ್ನೂ ಬಂದಿಲ್ಲ.