ದಿನನಿತ್ಯದ ನಡಿಗೆ ಮತ್ತು ಮೈಫಿಟ್ನೆಸ್‌ಪಾಲ್‌ನ ಲೆಕ್ಕ: ಒಂದು ವಿಮರ್ಶೆ

ಕ್ಯಾಲೊರಿ ಲೆಕ್ಕ ಬರೆದಿಡಲು ತೊಡಗಿದವರಿಗೆ ಮೊದಲ ವಾರದಲ್ಲೇ ಎದುರಾಗುವ ಪ್ರಶ್ನೆಯೊಂದಿದೆ. ಬಸ್ ನಿಲ್ದಾಣಕ್ಕೆ ನಡೆದದ್ದು, ತರಕಾರಿ ತರಲು ಹೋಗಿ ಬಂದದ್ದು, ಕಚೇರಿಯ ಮೆಟ್ಟಿಲು ಹತ್ತಿ ಇಳಿದದ್ದು ಇವೆಲ್ಲ ವ್ಯಾಯಾಮದ ಖಾತೆಗೆ ಸೇರಬೇಕೇ, ಬೇಡವೇ? 2005ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಇಂದು ನಮ್ಮವರ ಫೋನುಗಳಲ್ಲೂ ಕಾಣಸಿಗುವ, ಊಟ ಮತ್ತು ವ್ಯಾಯಾಮದ ಕ್ಯಾಲೊರಿ ಲೆಕ್ಕ ಇಡುವ ಮೈಫಿಟ್ನೆಸ್‌ಪಾಲ್ ಆ್ಯಪನ್ನು ನಾನು ಬಹುಕಾಲದಿಂದ ಬಳಸುತ್ತಿದ್ದೇನೆ. ಅದರ ಎಲ್ಲ ಸೌಲಭ್ಯಗಳನ್ನೂ ಇಲ್ಲಿ ವಿವರಿಸಲು ಹೋಗುವುದಿಲ್ಲ. ನಡಿಗೆಯ ಲೆಕ್ಕವನ್ನು ಅದು ಹೇಗೆ ಇಡುತ್ತದೆ, ಆ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಖಾತೆ ತೆರೆಯುವಾಗಲೇ ಆ್ಯಪ್ ನಿಮ್ಮ ದಿನಚರಿ ಎಂಥದ್ದು ಎಂದು ಕೇಳಿ ನಾಲ್ಕು ಆಯ್ಕೆಗಳನ್ನು ಮುಂದಿಡುತ್ತದೆ. ದಿನದ ಬಹುಪಾಲು ಕೂತೇ ಇರುವವರಿಗೆ ‘ನಾಟ್ ವೆರಿ ಆ್ಯಕ್ಟಿವ್’, ಶಿಕ್ಷಕರಂತೆ ಸಾಕಷ್ಟು ಹೊತ್ತು ನಿಂತು ಕೆಲಸ ಮಾಡುವವರಿಗೆ ‘ಲೈಟ್ಲಿ ಆ್ಯಕ್ಟಿವ್’, ಹೋಟೆಲಿನಲ್ಲಿ ಬಡಿಸುವವರಿಗೆ, ಅಂಚೆ ಹಂಚುವವರಿಗೆ ‘ಆ್ಯಕ್ಟಿವ್’, ಬಡಗಿ ಕೆಲಸದಂಥ ಮೈಮುರಿಯುವ ದುಡಿಮೆಯವರಿಗೆ ‘ವೆರಿ ಆ್ಯಕ್ಟಿವ್’. ಹೆಚ್ಚಿನವರು ಇದನ್ನು ಒಂದು ಔಪಚಾರಿಕ ಪ್ರಶ್ನೆಯೆಂದು ತಿಳಿದು, ಕಣ್ಣಿಗೆ ಒಪ್ಪುವ ಉತ್ತರವನ್ನು ಒತ್ತಿ ಮುಂದೆ ಹೋಗುತ್ತಾರೆ. ನಡಿಗೆ ವ್ಯಾಯಾಮವೇ, ಅಲ್ಲವೇ ಎಂಬುದು ತೀರ್ಮಾನವಾಗುವುದು ಇಲ್ಲಿಯೇ. ಇಲ್ಲಿ ಆರಿಸಿಕೊಂಡ ಮಟ್ಟದಲ್ಲಿ ನಿಮ್ಮ ದಿನನಿತ್ಯದ ಓಡಾಟವೆಲ್ಲ ಆಗಲೇ ಸೇರಿಹೋಗಿರುತ್ತದೆ. ವ್ಯಾಯಾಮದ ಕಾಲಂ ಇರುವುದು ಅದಕ್ಕೆ ಮೀರಿದ ಶ್ರಮಕ್ಕೆ ಮಾತ್ರ; ಅಲ್ಲಿ ಬರೆದ ಕ್ಯಾಲೊರಿ ಆ ದಿನ ಉಣ್ಣಬಹುದಾದ ಮೊತ್ತಕ್ಕೆ ಕೂಡುತ್ತದೆ.

ಅಂಕಿಗಳಲ್ಲಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ವಿಶ್ರಾಂತಿಯಲ್ಲಿ ದೇಹಕ್ಕೆ ಬೇಕಾಗುವ ಶಕ್ತಿಯನ್ನು ಅಂದಾಜು ಮಾಡಲು ಇಂಥ ಆ್ಯಪ್‌ಗಳು ಸಾಮಾನ್ಯವಾಗಿ 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು ಬಳಸುತ್ತವೆ. 60 ಕೆ.ಜಿ. ತೂಕದ, 160 ಸೆಂ.ಮೀ. ಎತ್ತರದ, 40 ವರ್ಷದ ಒಬ್ಬ ಮಹಿಳೆಗೆ ಈ ಸೂತ್ರದ ಪ್ರಕಾರ ದಿನಕ್ಕೆ 1,239 ಕ್ಯಾಲೊರಿ ಬರುತ್ತದೆ. ಕೂತು ಕೆಲಸ ಮಾಡುವವರಿಗೆ ಇದನ್ನು 1.2ರಿಂದಲೂ, ಸ್ವಲ್ಪ ಓಡಾಟವಿರುವವರಿಗೆ 1.375ರಿಂದಲೂ ಗುಣಿಸುವುದು ರೂಢಿಯಲ್ಲಿರುವ ಕ್ರಮ; ಆ್ಯಪಿನಿಂದ ಆ್ಯಪಿಗೆ ಈ ಗುಣಕಗಳು ತುಸು ಬದಲಾಗುತ್ತವೆಯಾದರೂ ಲೆಕ್ಕದ ದಾರಿ ಒಂದೇ. ಮೊದಲನೆಯದು ಸುಮಾರು 1,487, ಎರಡನೆಯದು ಸುಮಾರು 1,704. ಒಂದು ಮಟ್ಟ ಮೇಲಕ್ಕೆ ಹೋದ ಮಾತ್ರಕ್ಕೆ, ಒಂದು ಹೆಜ್ಜೆಯನ್ನೂ ಹೆಚ್ಚಿಗೆ ಇಡದೆ, ದಿನಕ್ಕೆ 217 ಕ್ಯಾಲೊರಿ ಅಧಿಕವಾಗಿ ಉಣ್ಣಲು ಅನುಮತಿ ಸಿಕ್ಕಂತಾಯಿತು.

ಇದೇ ಮಹಿಳೆ ಗಂಟೆಗೆ ಸುಮಾರು 4.8 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡೆದರೆಂದುಕೊಳ್ಳೋಣ. ಈ ವೇಗದ ನಡಿಗೆಗೆ ವಿಶ್ರಾಂತಿಯ ಮೂರೂವರೆ ಪಟ್ಟು ಶಕ್ತಿ ಬೇಕೆಂದು ಶ್ರಮದ ಕೋಷ್ಟಕಗಳು ಹೇಳುತ್ತವೆ. ಆ ಪ್ರಕಾರ 105 ಕ್ಯಾಲೊರಿ ಖರ್ಚಾಗುತ್ತದೆ. ಆದರೆ ಆ ಅರ್ಧ ಗಂಟೆ ಆಕೆ ಕುರ್ಚಿಯಲ್ಲಿ ಕೂತಿದ್ದರೂ 36 ಕ್ಯಾಲೊರಿ ಖರ್ಚಾಗುತ್ತಿತ್ತು, ಮತ್ತು ಅದು ದಿನದ ಲೆಕ್ಕದಲ್ಲಿ ಈಗಾಗಲೇ ಇದೆ. ಹಾಗಾಗಿ ನಡಿಗೆಯಿಂದ ಹೊಸದಾಗಿ ಖರ್ಚಾದದ್ದು 70 ಕ್ಯಾಲೊರಿಯ ಆಸುಪಾಸು ಮಾತ್ರ. ‘ನಾನು ದಿನಾ ನಡೆಯುತ್ತೇನಲ್ಲ’ ಎಂದು ಆಕೆ ‘ಲೈಟ್ಲಿ ಆ್ಯಕ್ಟಿವ್’ ಆರಿಸಿಕೊಂಡು, ಅದೇ ನಡಿಗೆಯನ್ನು ವ್ಯಾಯಾಮದ ಕಾಲಂನಲ್ಲೂ ಬರೆದರೆ, ಆ 70ಕ್ಕೆ ಬದಲಾಗಿ 322 ಕ್ಯಾಲೊರಿ ಜಮೆಯಾಗುತ್ತದೆ. ದಿನಕ್ಕೆ 252ರ ಈ ವ್ಯತ್ಯಾಸ ತಿಂಗಳಿಗೆ 7,560 ಆಗುತ್ತದೆ; ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಶ್ರದ್ಧೆಯಿಂದ ಎಲ್ಲವನ್ನೂ ಬರೆದಿಟ್ಟರೂ ತೂಕ ಇಳಿಯಲಿಲ್ಲ ಎಂದು ಬೇಸರಪಟ್ಟು ಲೆಕ್ಕವನ್ನೇ ಬಿಟ್ಟುಬಿಡುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಅವರಲ್ಲಿ ಹಲವರು ಊಟದಲ್ಲಿ ಎಡವಿರುವುದಿಲ್ಲ, ಒಂದೇ ನಡಿಗೆಯನ್ನು ಎರಡು ಕಡೆ ಬರೆದಿರುತ್ತಾರೆ.

ಈ ವಿಷಯದಲ್ಲಿ ಮೈಫಿಟ್ನೆಸ್‌ಪಾಲ್‌ನ ವಿನ್ಯಾಸವನ್ನು ಮೆಚ್ಚಲೇಬೇಕು. ಫೋನಿನ ಅಥವಾ ಕೈಗೆ ಕಟ್ಟುವ ಬ್ಯಾಂಡಿನ ಹೆಜ್ಜೆ ಎಣಿಕೆಯನ್ನು ಆ್ಯಪಿಗೆ ಜೋಡಿಸಿದಾಗ ಅದು ಪ್ರತಿ ಹೆಜ್ಜೆಗೂ ಕ್ಯಾಲೊರಿ ಕೊಡುವುದಿಲ್ಲ. ನೀವು ಆರಿಸಿಕೊಂಡ ಮಟ್ಟಕ್ಕೆ ತಕ್ಕ ಓಡಾಟವೆಷ್ಟು ಎಂಬ ತನ್ನ ಅಂದಾಜಿಗೆ ಹೋಲಿಸಿ, ಅದಕ್ಕಿಂತ ಹೆಚ್ಚಾದುದನ್ನಷ್ಟೇ ಹೊಂದಾಣಿಕೆಯ ರೂಪದಲ್ಲಿ ವ್ಯಾಯಾಮದ ಪಟ್ಟಿಗೆ ಸೇರಿಸುತ್ತದೆ. ಬೆಳಿಗ್ಗೆ ನಡೆದು ಬಂದ ಕೂಡಲೇ ದೊಡ್ಡದಾಗಿ ಕಾಣುವ ಸಂಖ್ಯೆ ಇಡೀ ದಿನ ಕೂತೇ ಕಳೆದರೆ ರಾತ್ರಿಯ ಹೊತ್ತಿಗೆ ಇಳಿಯುವುದುಂಟು. ಅದು ಆ್ಯಪಿನ ದೋಷವಲ್ಲ, ದಿನದ ಒಟ್ಟು ಓಡಾಟವನ್ನು ಅದು ಮತ್ತೆ ಅಂದಾಜಿಸಿದ್ದರ ಫಲ. ಆದ್ದರಿಂದ ಬೆಳಗಿನ ಸಂಖ್ಯೆಯನ್ನು ನಂಬಿ ಮಧ್ಯಾಹ್ನದ ಊಟ ಹೆಚ್ಚಿಸುವುದಕ್ಕಿಂತ ಸಂಜೆಯವರೆಗೆ ಕಾಯುವುದು ಮೇಲು.

ಇಷ್ಟು ಚೆನ್ನಾಗಿ ಯೋಚಿಸಿದವರು ಒಂದು ಮುಖ್ಯ ಸೌಲಭ್ಯವನ್ನು ಮಾತ್ರ ಸೆಟ್ಟಿಂಗ್ಸ್‌ನ ಒಳಗೆ ಮರೆಯಾಗಿ ಇಟ್ಟಿದ್ದಾರೆ. ಅಂದಾಜಿಗಿಂತ ಕಡಿಮೆ ಓಡಾಡಿದ ದಿನ ಕ್ಯಾಲೊರಿಯನ್ನು ಕಳೆಯುವ ‘ನೆಗೆಟಿವ್ ಅಡ್ಜಸ್ಟ್‌ಮೆಂಟ್’ ಎಂಬ ಆಯ್ಕೆಯನ್ನು ಬಳಕೆದಾರರೇ ಹುಡುಕಿ ಚಾಲನೆ ಮಾಡಿಕೊಳ್ಳಬೇಕು. ಅದಿಲ್ಲದಿದ್ದರೆ ಹೆಚ್ಚು ನಡೆದ ದಿನ ಕೂಡಿಸುವ ಆ್ಯಪ್, ಮಳೆ ಹಿಡಿದು ಮನೆಯಲ್ಲೇ ಉಳಿದ ದಿನ ಏನನ್ನೂ ಕಳೆಯುವುದಿಲ್ಲ. ಖಾತೆ ತೆರೆಯುವಾಗಲೇ ಇದರ ಬಗ್ಗೆ ಕೇಳುವಂತಿರಬೇಕಿತ್ತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹೆಜ್ಜೆ ಎಣಿಸುವ ಸಾಧನಕ್ಕೆ ಕಾಣದ ಓಡಾಟದ ಬಗ್ಗೆಯೂ ಹೇಳಬೇಕು. ನಮ್ಮ ಮನೆಗಳಲ್ಲಿ ಬೆಳಗಿನಿಂದ ನೀರು ತುಂಬಿ, ಅಂಗಳ ಗುಡಿಸಿ, ರಂಗೋಲಿಯಿಟ್ಟು, ಒಲೆಗೂ ಸಿಂಕಿಗೂ ನಡುವೆ ನೂರಾರು ಸಲ ಓಡಾಡುವ ಹೆಂಗಸರ ಫೋನ್ ಅಡುಗೆಮನೆಯ ಕಟ್ಟೆಯ ಮೇಲೋ ಚಾರ್ಜರಿನಲ್ಲೋ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ತೋರಿಸುವ ಹೆಜ್ಜೆಗಳು ಬೆರಳೆಣಿಕೆಯಷ್ಟು. ಕೈಗೆ ಬ್ಯಾಂಡ್ ಕಟ್ಟಿಕೊಂಡರೂ ಎರಡೂ ಕೈಯಲ್ಲಿ ಚೀಲ ಹಿಡಿದಾಗ, ಟ್ರಾಲಿ ತಳ್ಳುವಾಗ ಕೈ ಬೀಸುವುದಿಲ್ಲವಾದ್ದರಿಂದ ಎಣಿಕೆ ತಪ್ಪುತ್ತದೆ. ಇಂಥವರು ಸಾಧನದ ಸಂಖ್ಯೆ ಕಂಡು ತಾವು ಏನೂ ದುಡಿದಿಲ್ಲವೆಂದು ಭಾವಿಸಬಾರದು. ಅವರಿಗೆ ‘ಲೈಟ್ಲಿ ಆ್ಯಕ್ಟಿವ್’ ಎಂಬ ಮಟ್ಟವೇ ನ್ಯಾಯವಾದದ್ದು. ಹೆಜ್ಜೆ ಎಣಿಕೆಯನ್ನು ಆ್ಯಪಿಗೆ ಜೋಡಿಸದೇ ಇರುವುದೇ ಒಳ್ಳೆಯದು. ಇನ್ನೊಂದು ಕಡೆ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅಂಗಡಿ ಅಂಗಡಿಗೆ ನಿಂತು ಚೌಕಾಸಿ ಮಾಡುತ್ತ ಕಳೆದ ಒಂದು ಗಂಟೆಯನ್ನು ‘ಒಂದು ಗಂಟೆ ವಾಕಿಂಗ್’ ಎಂದು ಬರೆದರೆ ಲೆಕ್ಕ ಉಬ್ಬುತ್ತದೆ, ಏಕೆಂದರೆ ಆ ಗಂಟೆಯಲ್ಲಿ ಕಾಲು ಚಲಿಸಿದ್ದು ಸ್ವಲ್ಪ ಹೊತ್ತು ಮಾತ್ರ.

ಸಾಧನಗಳು ತೋರಿಸುವ ಕ್ಯಾಲೊರಿಯನ್ನು ಕೂಡ ಎಚ್ಚರಿಕೆಯಿಂದಲೇ ನೋಡಬೇಕು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಹೃದಯ ಬಡಿತವನ್ನು ಚೆನ್ನಾಗಿಯೇ ಅಳೆದವು. ಆದರೆ ಶಕ್ತಿಯ ಖರ್ಚಿನ ವಿಷಯದಲ್ಲಿ ಅತ್ಯುತ್ತಮ ಸಾಧನದ ದೋಷವೇ ಸರಾಸರಿ ಶೇ. 27ರಷ್ಟಿತ್ತು, ಅತಿ ಕೆಟ್ಟದರದ್ದು ಶೇ. 93. ಆ ನಂತರ ಸಾಧನಗಳು ಸುಧಾರಿಸಿರಬಹುದಾದರೂ ವ್ಯಾಯಾಮದ ಕಾಲಂನಲ್ಲಿ ಬಂದ ಸಂಖ್ಯೆಯ ಅರ್ಧದಷ್ಟನ್ನು ಮಾತ್ರ ಊಟಕ್ಕೆ ಸೇರಿಸಿಕೊಳ್ಳುವುದು ಸುರಕ್ಷಿತ ಕ್ರಮವೆಂದು ನಾನು ಹೇಳುತ್ತೇನೆ. ಒಂದು ಚಿಕ್ಕ ಚಮಚ ಎಣ್ಣೆಯಲ್ಲಿ ಸುಮಾರು 45 ಕ್ಯಾಲೊರಿ ಇರುವುದರಿಂದ, ಒಗ್ಗರಣೆಗೆ ಅಳೆಯದೆ ಸುರಿದ ಎರಡು ಚಮಚ ಎಣ್ಣೆ ಅರ್ಧ ಗಂಟೆಯ ನಡಿಗೆಯ ಗಳಿಕೆಯನ್ನು ಮೀರಿಸುತ್ತದೆ.

ಇಷ್ಟೆಲ್ಲ ಓದಿದವರು ನಡಿಗೆಯಿಂದ ಪ್ರಯೋಜನವಿಲ್ಲವೆಂದು ತಿಳಿಯುವ ಅಪಾಯವಿದೆ, ಆ್ಯಪ್ ಕೂಡ ಆ ತಪ್ಪು ತಿಳಿವಳಿಕೆಗೆ ಎಡೆಮಾಡಿಕೊಡುತ್ತದೆ. ಕ್ಯಾಲೊರಿಯ ಲೆಕ್ಕ ಬೇರೆ, ಆರೋಗ್ಯದ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸುತ್ತದೆ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ನಿಬಂಧನೆಯನ್ನು 2020ರ ಮಾರ್ಗಸೂಚಿಯಲ್ಲಿ ಅದು ಕೈಬಿಟ್ಟಿದೆ. ಅಂದರೆ ಬಸ್ಸು ಹಿಡಿಯಲು ಬಿರುಸಾಗಿ ನಡೆದ ಐದು ನಿಮಿಷವೂ ಹೃದಯದ ಮಟ್ಟಿಗೆ ವ್ಯಾಯಾಮವೇ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬಿದ್ದರೆ ಅದನ್ನು ಮಧ್ಯಮ ಶ್ರಮವೆಂದು ಪರಿಗಣಿಸಬಹುದು. ನಡೆಯುತ್ತ ಮಾತಾಡಲು ಸಾಧ್ಯವಾಗಬೇಕು, ಹಾಡಲು ಕಷ್ಟವಾಗಬೇಕು. ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಬೆಳಿಗ್ಗೆ ಹಾಗೆ ನಡೆಯುವವರಿಗೆ ತೂಕ ಇಳಿಯದಿದ್ದರೂ ಸಕ್ಕರೆ, ರಕ್ತದೊತ್ತಡಗಳ ವಿಷಯದಲ್ಲಿ ಲಾಭವಿದೆ. ಮೈಫಿಟ್ನೆಸ್‌ಪಾಲ್‌ನ ದಿನಚರಿ ಪುಟ ನಡಿಗೆಯನ್ನು ಉಣ್ಣಲು ಉಳಿದ ಕ್ಯಾಲೊರಿಯಾಗಿ ಮಾತ್ರ ತೋರಿಸುತ್ತದೆ. ಅದರ ಬಗ್ಗೆ ನನಗಿರುವ ದೊಡ್ಡ ಅಸಮಾಧಾನ ಇದೇ. ಗೂಗಲ್ ಫಿಟ್ ಎಂಬ ಇನ್ನೊಂದು ಆ್ಯಪ್ ಬಿರುಸು ನಡಿಗೆಯ ನಿಮಿಷಗಳಿಗೆ ಬೇರೆಯಾಗಿಯೇ ಅಂಕ ಕೊಡುವ ಕ್ರಮವನ್ನು ತಂದದ್ದು ಈ ದೃಷ್ಟಿಯಿಂದ ಹೆಚ್ಚು ವಿವೇಕದ ನಡೆ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯವೂ ಇಲ್ಲ. ಅದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊಕೆ’ (ಹತ್ತು ಸಾವಿರ ಹೆಜ್ಜೆಯ ಮಾಪಕ) ಎಂಬ ಹೆಜ್ಜೆಮಾಪಕದ ಹೆಸರಿನಿಂದ ಬಳಕೆಗೆ ಬಂದದ್ದು, ವೈದ್ಯಕೀಯ ಸಂಶೋಧನೆಯಿಂದ ಹೊರಟದ್ದಲ್ಲ.

ಕೂತು ಕೆಲಸ ಮಾಡುವವರು ಮೊದಲ ಮಟ್ಟವನ್ನೇ ಆರಿಸಿಕೊಂಡು, ನೆಗೆಟಿವ್ ಅಡ್ಜಸ್ಟ್‌ಮೆಂಟ್ ಚಾಲನೆ ಮಾಡಿ, ನಡಿಗೆಯನ್ನು ಕೈಯಾರೆ ಬರೆಯದೆ ಹೆಜ್ಜೆ ಎಣಿಕೆಗೆ ಬಿಟ್ಟರೆ ಈ ಆ್ಯಪ್ ನಂಬಿಕೆಗೆ ಅರ್ಹವಾದ ಲೆಕ್ಕ ಕೊಡುತ್ತದೆ. ನಾಲ್ಕಾರು ವಾರ ಕಳೆದ ಮೇಲೂ ತೂಕದ ಯಂತ್ರ ಬೇರೆಯದನ್ನೇ ಹೇಳಿದರೆ ಆ್ಯಪಿನ ಮಾತನ್ನು ಬಿಟ್ಟು ಯಂತ್ರದ ಮಾತನ್ನು ನಂಬಿ ದಿನದ ಗುರಿಯನ್ನು ತಿದ್ದಿಕೊಳ್ಳಬೇಕು. ಆಹಾರದ ಪಟ್ಟಿಯಲ್ಲಿ ಬಳಕೆದಾರರೇ ಸೇರಿಸಿದ ನಮೂದುಗಳು ಬಹಳವಿರುವುದರಿಂದ ಬಿಸಿಬೇಳೆಬಾತಿನಂಥ ತಿನಿಸುಗಳಿಗೆ ಸಿದ್ಧ ನಮೂದನ್ನು ಆರಿಸದೆ, ಅಕ್ಕಿ, ಬೇಳೆ, ತುಪ್ಪಗಳನ್ನು ತೂಗಿ ಸ್ವಂತ ಪಾಕವಿಧಾನವಾಗಿ ಉಳಿಸಿಕೊಳ್ಳುವುದು ಉತ್ತಮ. ನಡಿಗೆಯ ಲೆಕ್ಕಕ್ಕಾಗಿ ಹಣ ಕೊಟ್ಟು ಪ್ರೀಮಿಯಂ ಪಡೆಯಬೇಕಾದ ಕಾರಣವಿಲ್ಲ. ಬಾರ್‌ಕೋಡ್ ಓದುವ ಸೌಲಭ್ಯ 2022ರಲ್ಲಿ ಪ್ರೀಮಿಯಂಗೆ ಸೇರಿಹೋಗಿದೆ, ಆದರೆ ಮನೆಯಲ್ಲೇ ಅಡುಗೆ ಮಾಡಿಕೊಂಡು ಉಣ್ಣುವವರಿಗೆ ಅದರಿಂದ ಹೆಚ್ಚೇನೂ ನಷ್ಟವಿಲ್ಲ.