ಒಂದೇ ಟೈರ್, ಮೂರು ವಯಸ್ಸು

ನನ್ನ ಪಲ್ಸರ್ 150ರ ಹಿಂದಿನ ಚಕ್ರಕ್ಕೆ ಬೇಕಾಗುವುದು 100/90-17 ಅಳತೆಯ ಟೈರ್. ಒಂದೇ ಕಂಪನಿಯ ಒಂದೇ ಮಾದರಿಯನ್ನು ಮೂರು ಕಡೆ ಕೊಂಡು ನೋಡಿದ್ದೇನೆ: ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿ, ಮನೆ ಹತ್ತಿರದ ಟೈರ್ ಅಂಗಡಿ, ಮತ್ತು ನನ್ನಂಥದೇ ಬೈಕ್ ಇರುವ ತಮ್ಮನಿಗಾಗಿ ಆನ್‌ಲೈನ್.

ಜೆ.ಸಿ. ರಸ್ತೆಯಲ್ಲಿ ಕೊಂಡದ್ದು 2021ರ ಜೂನ್‌ನಲ್ಲಿ. ಮುನ್ನೂರು ರೂಪಾಯಿ ಉಳಿಯಿತೆಂದು ಹಿಗ್ಗಿದ್ದೆ. ಟೈರ್ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅದು ಹಚ್ಚಿದ ಪಾಲಿಶ್ ಎಂದು ತಿಳಿದದ್ದು ಮನೆಯಲ್ಲಿ ಬೈಕ್ ತೊಳೆದ ದಿನ. ಒರೆಸುವಾಗ ಪಕ್ಕದಲ್ಲಿ 3716 ಎಂಬ ಅಂಕಿಗಳು ಕಂಡವು. ಟೈರ್ ತಯಾರಾದ ಕಾಲದ ಗುರುತು ಅದು. ಮೊದಲೆರಡು ಅಂಕಿ ವಾರ, ಕೊನೆಯೆರಡು ಅಂಕಿ ವರ್ಷ: 2016ರ ಮೂವತ್ತೇಳನೆಯ ವಾರ, ಅಂದರೆ ಸೆಪ್ಟೆಂಬರ್. ಹೊಸದೆಂದು ತಂದ ಟೈರಿಗೆ ಆಗಲೇ ನಾಲ್ಕು ಮುಕ್ಕಾಲು ವರ್ಷ! ಉಗುರಿನಿಂದ ಒತ್ತಿದರೆ ಗುರುತೇ ಬೀಳಲಿಲ್ಲ. ಆ ಮಳೆಗಾಲದಲ್ಲಿ ರಸ್ತೆಯ ಬಿಳಿ ಪಟ್ಟೆಯ ಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನ ಚಕ್ರ ಜಾರಿ ಎದೆ ಧಸಕ್ ಎನ್ನುತ್ತಿತ್ತು. ಎರಡು ವರ್ಷ ದಾಟುವ ಹೊತ್ತಿಗೆ ಟೈರಿನ ಮೇಲಿನ ಉಬ್ಬು ಬಟನ್‌ಗಳು ಅರ್ಧವೂ ಸವೆದಿರಲಿಲ್ಲ, ಸಂದಿಗಳ ತಳದಲ್ಲಿ ಮಾತ್ರ ಕೂದಲೆಳೆಯಂಥ ಬಿರುಕುಗಳು ಎದ್ದಿದ್ದವು. ಟೈರ್ ಓಡದೆ ಕೂತಿದ್ದರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಝೋನ್ ಮತ್ತು ಶಾಖ ಸೇರಿ ರಬ್ಬರನ್ನು ಗಡುಸಾಗಿಸುತ್ತವೆ. ಅಂಗಡಿಯ ಮುಂದೆ ಬಿಸಿಲಿಗೆ ಜೋಡಿಸಿಟ್ಟ ಟೈರ್‌ಗಳನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಆನ್‌ಲೈನ್ ಟೈರ್ 2024ರ ಮಾರ್ಚ್‌ನಲ್ಲಿ ಬಂತು. ಅಂಕಿ 4822, ಸುಮಾರು ಹದಿನೈದು ತಿಂಗಳು. ನೆರಳಿನಲ್ಲಿ, ತಂಪಾಗಿ ಇಟ್ಟಿದ್ದರೆ ಇಷ್ಟು ವಯಸ್ಸು ದೋಷವಲ್ಲ. ತಮ್ಮ ಇಂದಿಗೂ ಅದರಲ್ಲೇ ನೆಮ್ಮದಿಯಾಗಿ ಓಡಾಡುತ್ತಿದ್ದಾನೆ. ನನಗೆ ಹಿಡಿಸದಿದ್ದದ್ದು ಬೇರೆ. ತಯಾರಿಕೆಯ ವಾರ ಯಾವುದೆಂದು ಮೊದಲೇ ಕೇಳಿದ್ದಕ್ಕೆ, ಗೋದಾಮಿನಲ್ಲಿ ಇರುವುದನ್ನು ಕಳುಹಿಸುತ್ತೇವೆ ಎಂದಷ್ಟೇ ಉತ್ತರ ಬಂತು. ಹಣ ಕಟ್ಟಿದ ಮೇಲೆಯೇ ಅಂಕಿ ಕಾಣುವುದು. ಹಾಕಿಸುವ ಖರ್ಚೂ ಸೇರಿದಾಗ ಉಳಿತಾಯ ನೂರು ರೂಪಾಯಿಗೆ ಇಳಿಯಿತು.

ಮನೆ ಹತ್ತಿರದ ಅಂಗಡಿಗೆ ಹೋದದ್ದು ಇದಕ್ಕೂ ಮೊದಲು, 2023ರ ನವೆಂಬರ್‌ನಲ್ಲಿ, ಬಿರುಕು ಬಿಟ್ಟ ಟೈರನ್ನು ಬದಲಿಸಲು. ಪೂರ್ತಿ ಬೆಲೆ, ಚೌಕಾಸಿಗೆ ಜಾಗವಿಲ್ಲ. ಆದರೆ ಅಂಕಿ ನೋಡಬೇಕು ಎಂದಾಗ ಅಂಗಡಿಯವರು ಬೇಸರಪಡದೆ ಎರಡು ಟೈರ್ ಉರುಳಿಸಿಕೊಂಡು ಬಂದರು. ಒಂದು ಹಿಂದಿನ ವರ್ಷದ್ದು. ಇನ್ನೊಂದರ ಒಂದು ಪಕ್ಕದಲ್ಲಿ ಅಂಕಿಯೇ ಇರಲಿಲ್ಲ. ಮಗುಚಿ ಮೊಬೈಲ್ ಟಾರ್ಚ್ ಬಿಟ್ಟಾಗ 3123 ಸಿಕ್ಕಿತು. ಮೂರೇ ತಿಂಗಳ ಟೈರ್, ಉಗುರು ಒತ್ತಿದರೆ ಮೆತ್ತಗೆ ಒಳಗಿಳಿಯಿತು. ಅದೇ ರಸ್ತೆ, ಅದೇ ಬಿಳಿ ಪಟ್ಟೆ, ಮುಂದಿನ ಮಳೆಗಾಲದಲ್ಲಿ ಒಮ್ಮೆಯೂ ಜಾರಲಿಲ್ಲ.

ನನ್ನ ಆಯ್ಕೆ ಮನೆ ಹತ್ತಿರದ ಅಂಗಡಿಯೇ. ಮುಂದಿನ ಚಕ್ರದ ಟೈರಿಗೂ ಅಲ್ಲೇ ಹೇಳಿಟ್ಟಿದ್ದೇನೆ: ನಾನು ಅಂಕಿ ನೋಡುವವರೆಗೆ ರಿಮ್‌ಗೆ ಏರಿಸಬೇಡಿ ಎಂದು.